ಸಾವಿರ ಬೀಡಿ, ಒಂಬೈನೂರು ಬೀಜ

ದಿ ವಿಚರ್ 3 ಎಂಬ ವಿಡಿಯೋ ಗೇಮಿನಲ್ಲಿ ಸ್ಕೆಲ್ಲಿಗೆ ಎಂಬ ದ್ವೀಪಗಳ ಗುಂಪೊಂದು ಬರುತ್ತದೆ. ಸುತ್ತ ತಣ್ಣನೆಯ ಕಡಲು, ಮಂಜು ಮೆತ್ತಿದ ಬೆಟ್ಟಗಳು, ಎಲ್ಲೋ ದೂರದಲ್ಲಿ ಹೆಣ್ಣುಮಗಳೊಬ್ಬಳು ಹಾಡಿಕೊಳ್ಳುತ್ತಿರುವಂಥ ಸಂಗೀತ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ 2015ರಲ್ಲಿ ಹೊರತಂದ ಈ ಆಟವನ್ನು ಆಡಿದವರಿಗೆ ಆ ದ್ವೀಪಗಳನ್ನು ಮೊದಲು ಕಂಡ ಗಳಿಗೆ ನೆನಪಿರುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ನಕ್ಷೆ ತೆರೆದಾಗ ಹೊಟ್ಟೆಯೊಳಗೆ ಆದ ಸಂಕಟವೂ ನೆನಪಿರುತ್ತದೆ. ಕಡಲಿನ ತುಂಬ ಪ್ರಶ್ನಾರ್ಥಕ ಚಿಹ್ನೆಗಳು! ಸಾಸಿವೆ ಚೆಲ್ಲಿದ ಹಾಗೆ. ಪ್ರತಿಯೊಂದಕ್ಕೂ ದೋಣಿ ಹತ್ತಿ ಹೋಗಬೇಕು, ಮೇಲಿಂದ ಎರಗುವ ರೆಕ್ಕೆಯ ಮಾಯಾವಿನಿಯರನ್ನು ಬಾಣ ಬಿಟ್ಟು ಕೆಡವಬೇಕು, ನೀರಿಗೆ ಧುಮುಕಿ ಕಳ್ಳಸಾಗಣೆಯವರು ಬಿಟ್ಟುಹೋದ ಪೆಟ್ಟಿಗೆ ತೆಗೆಯಬೇಕು. ಪೆಟ್ಟಿಗೆಯಲ್ಲಿ ನಮ್ಮ ಹತ್ತಿರ ಈಗಾಗಲೇ ಇರುವುದಕ್ಕಿಂತ ಕಳಪೆಯಾದ ಒಂದು ಕತ್ತಿ, ಒಂದಿಷ್ಟು ಚರ್ಮದ ಚೂರು. ಮುಂದಿನ ಚಿಹ್ನೆಯ ಕೆಳಗೂ ಅದೇ. ಅದರ ಮುಂದಿನದರ ಕೆಳಗೂ.

ಅದೇ ಆಟದಲ್ಲಿ ಹೆಂಡತಿ ಮಗಳನ್ನು ಕಳಕೊಂಡ ಕುಡುಕ ಬ್ಯಾರನ್ ಒಬ್ಬನ ಕಥೆ ಇದೆ. ಯಾವ ಒಳ್ಳೆಯ ಕಾದಂಬರಿಯ ಪಕ್ಕದಲ್ಲಾದರೂ ಇಡಬಹುದಾದ ಕಥೆ ಅದು. ಅದನ್ನು ಬರೆದ ಮನೆಯೇ ಈ ಪೆಟ್ಟಿಗೆಗಳನ್ನೂ ಕಡಲಿಗೆ ಎಸೆದಿತು. ನಾನು ಹೇಳಹೊರಟಿರುವುದು ಈ ಪೆಟ್ಟಿಗೆಗಳ ಬಗ್ಗೆ, ಅವುಗಳಿಂದ ಬರುವ ಒಂದು ವಿಚಿತ್ರ ದಣಿವಿನ ಬಗ್ಗೆ.

ಆಟ ಆಡದವರಿಗಾಗಿ ಎರಡು ಮಾತು. ಒಪನ್ ವರ್ಲ್ಡ್ ಅಂದರೆ ಬಯಲು ಬಿಟ್ಟ ಲೋಕ. ಹಳೆಯ ಆಟಗಳಲ್ಲಿ ಒಂದು ಹಂತ ಮುಗಿಸಿದರೆ ಇನ್ನೊಂದು ಹಂತ, ಎಡದಿಂದ ಬಲಕ್ಕೆ ಓಡಿದರೆ ಮುಗಿಯಿತು. ಇಲ್ಲಿ ಹಾಗಿಲ್ಲ. ಒಂದು ಊರೋ ದೇಶವೋ ನಿಮ್ಮ ಮುಂದೆ ಬಿದ್ದುಕೊಂಡಿರುತ್ತದೆ, ಕಂಡ ಬೆಟ್ಟವನ್ನು ಹತ್ತಬಹುದು, ಕಂಡ ದಾರಿ ಹಿಡಿಯಬಹುದು. ಕಥೆ ಕಾಯುತ್ತಿರುತ್ತದೆ, ನೀವು ಬೇಕಾದಾಗ ಹೋದರಾಯಿತು. ಈ ಕನಸು ಬಹಳ ಹಳೆಯದು. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಹುಡುಗರು ಬಿಬಿಸಿ ಮೈಕ್ರೋ ಎಂಬ 32 ಕಿಲೋಬೈಟ್ ನೆನಪಿನ ಯಂತ್ರದೊಳಗೆ ಎಂಟು ಆಕಾಶಗಂಗೆಗಳನ್ನೂ ಒಂದೊಂದರಲ್ಲಿ 256 ಗ್ರಹಗಳನ್ನೂ ತುಂಬಿಸಿದ್ದರು. ಇಂದು ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರ ಕೂಡ ಆ ಯಂತ್ರದೊಳಗೆ ಹಿಡಿಯುತ್ತಿರಲಿಲ್ಲ. ಎಲೀಟ್ ಎಂಬ ಆ ಆಟದಲ್ಲಿ ಗೆರೆಗಳ ಹೊರತು ಕಾಣಲು ಏನೂ ಇರಲಿಲ್ಲ, ಉಳಿದದ್ದನ್ನು ಆಡುವವನ ಮನಸ್ಸೇ ತುಂಬಿಕೊಳ್ಳಬೇಕಿತ್ತು.

ನನಗೆ ಆ ಕನಸು ಸಿಕ್ಕಿದ್ದು ನಿಪ್ಪಾಣಿಯ ಒಂದು ಸೈಬರ್ ಕೆಫೆಯಲ್ಲಿ, 2004ರ ಸುಮಾರಿಗೆ. ಗಂಟೆಗೆ ಹದಿನೈದು ರೂಪಾಯಿ. ಪ್ಲೈವುಡ್ಡಿನ ಆರು ಗೂಡುಗಳು. ಅವುಗಳಲ್ಲಿ ನಾಲ್ಕರಲ್ಲಿ ಯಾವತ್ತೂ ಜಿಟಿಎ ವೈಸ್ ಸಿಟಿ ಓಡುತ್ತಿತ್ತು. ಟಾಮಿ ವರ್ಸೆಟ್ಟಿ ಎಂಬ ರೌಡಿಯ ಕಥೆಯನ್ನು ನಮ್ಮಲ್ಲಿ ಒಬ್ಬನೂ ಮುಂದುವರಿಸಿದ್ದು ನಾನು ನೋಡಿಲ್ಲ. ಯಾರಿಗೂ ಪೂರ್ತಿ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ತಿಳಿದರೂ ಹದಿನೈದು ರೂಪಾಯಿಯಲ್ಲಿ ಕಥೆ ಕೇಳುತ್ತ ಕೂರುವವರು ಯಾರು? ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಚೀಟ್ ಕೋಡುಗಳಿದ್ದವು. ಪ್ಯಾಂಝರ್ ಎಂದು ಟೈಪ್ ಮಾಡಿದರೆ ಆಕಾಶದಿಂದ ರಣಗಾಡಿ ಬೀಳುತ್ತಿತ್ತು. ಅದನ್ನು ಓಡಿಸಿ ಬೇಜಾರಾದರೆ ಬೈಕು. ಬೈಕು ಬೇಜಾರಾದರೆ ಸಮುದ್ರದ ದಂಡೆ. ನನ್ನ ಜೊತೆಗೆ ಬರುತ್ತಿದ್ದ ಸೋದರಮಾವನ ಮಗ ಒಂದು ವಾರ ಪೂರ್ತಿ ಟ್ಯಾಕ್ಸಿ ಹೊಡೆದ. ಪ್ಯಾಸೆಂಜರ್ ಹತ್ತಿಸಿಕೊಂಡು, ಕೆಂಪು ದೀಪಕ್ಕೆ ನಿಂತು, ಇಳಿಸಿ, ಚಿಲ್ಲರೆ ಎಣಿಸಿಕೊಂಡವನ ಹಾಗೆ ಕೈ ಒರೆಸಿಕೊಳ್ಳುತ್ತಿದ್ದ. ನಿಪ್ಪಾಣಿಯಲ್ಲಿ ಆಗ ಟ್ರಾಫಿಕ್ ಸಿಗ್ನಲ್ ನೋಡಿದ ನೆನಪು ನನಗಿಲ್ಲ, ಅದಕ್ಕೇ ಇರಬೇಕು ಅವನಿಗೆ ಆ ಕೆಂಪು ದೀಪದ ಮೇಲೆ ಅಷ್ಟು ಭಕ್ತಿ.

ಆ ಆಟದಲ್ಲೂ ನೂರು ಗುಪ್ತ ಪೊಟ್ಟಣಗಳಿದ್ದವು ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ನಕ್ಷೆಯಲ್ಲಿ ಅವುಗಳ ಗುರುತಿರಲಿಲ್ಲ. ಎಲ್ಲಾದರೂ ಮಾಳಿಗೆಯ ಮೇಲೆ ಒಂದು ಸಿಕ್ಕರೆ ಕೇರಿಯ ಹುಡುಗರಿಗೆಲ್ಲ ಸುದ್ದಿ. ಸಿಗದಿದ್ದರೆ ಅದು ಇದೆ ಎಂಬುದೇ ಗೊತ್ತಿಲ್ಲ, ಹಾಗಾಗಿ ಕಳಕೊಂಡ ದುಃಖವೂ ಇಲ್ಲ. ಆಟದ ಮೊದಲ ಭಾಗದಲ್ಲಿ ಇನ್ನೊಂದು ದ್ವೀಪಕ್ಕೆ ಹೋಗುವ ಸೇತುವೆಗಳು ಮುಚ್ಚಿರುತ್ತವೆ, ಚಂಡಮಾರುತದ ಎಚ್ಚರಿಕೆ ಎಂಬ ನೆಪ. ನಾವು ಕಥೆ ಮುಂದುವರಿಸದ ಕಾರಣ ಆ ಸೇತುವೆ ನಮಗೆ ಎಂದೂ ತೆರೆಯಲಿಲ್ಲ. ಆಚೆ ದಡ ಕಾಣುತ್ತಿತ್ತು, ದೀಪಗಳು ಮಿನುಗುತ್ತಿದ್ದವು. ಅಲ್ಲಿ ಏನಿರಬಹುದು ಎಂದು ನಾವು ಆಡಿಕೊಂಡ ಮಾತುಗಳೇ ಒಂದು ಆಟದಷ್ಟಿದ್ದವು.

ಈ ತಿರುಗಾಟದ ಸುಖ ಯಾವಾಗ ಕೆಲಸವಾಯಿತು? ನನ್ನ ಲೆಕ್ಕದಲ್ಲಿ ಅದಕ್ಕೆ ಒಂದು ವರ್ಷವಿದೆ, 2007. ಯೂಬಿಸಾಫ್ಟ್ ಕಂಪನಿಯ ಅಸ್ಯಾಸಿನ್ಸ್ ಕ್ರೀಡ್ ಬಂದ ವರ್ಷ. ಡಮಾಸ್ಕಸ್ಸಿನ ಎತ್ತರದ ಗೋಪುರ ಹತ್ತಿ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತರೆ ಕ್ಯಾಮೆರಾ ಸುತ್ತ ತಿರುಗುತ್ತದೆ, ಹದ್ದು ಕೂಗುತ್ತದೆ, ನಕ್ಷೆಯ ಆ ಭಾಗ ತೆರೆದುಕೊಳ್ಳುತ್ತದೆ. ಮೊದಲ ಸಲ ಮೈ ಜುಮ್ಮೆನ್ನುತ್ತದೆ. ಊರಿಗೆ ಸಮೀಪದ ಸ್ತವನಿಧಿ ಘಾಟಿನ ಮೇಲೆ ನಿಂತು ಕೆಳಗೆ ನೋಡಿದಾಗ ನನಗೆ ಚಿಕ್ಕಂದಿನಲ್ಲಿ ಹಾಗೇ ಆಗುತ್ತಿತ್ತು. ಹೆದ್ದಾರಿಯ ಗೆರೆ, ಕಬ್ಬಿನ ಹಸಿರು, ತಂಬಾಕಿನ ಬೇರೆಯದೇ ಹಸಿರು. ಆದರೆ ಗೋಪುರ ಹತ್ತಿದ ಮೇಲೆ ಆಟ ಮಾಡುವುದೇನೆಂದರೆ, ಕಂಡದ್ದನ್ನೆಲ್ಲ ಗುರುತುಗಳಾಗಿ ಬದಲಿಸಿ ಕೈಗೆ ಕೊಡುವುದು. ಅಲ್ಲಿ ಇದಿದೆ, ಇಲ್ಲಿ ಅದಿದೆ, ಹೋಗಿ ಮುಗಿಸಿ ಬಾ. ನೋಡುವ ಕೆಲಸವನ್ನು ನಕ್ಷೆ ಮಾಡಿ ಮುಗಿಸಿತು, ನಮಗೆ ಉಳಿದದ್ದು ನಡೆಯುವ ಕೆಲಸ. ಆ ಮೊದಲ ಆಟದಲ್ಲಿ ಸಂಗ್ರಹಿಸಬೇಕಾದ ಬಾವುಟಗಳ ಸಂಖ್ಯೆ 420. ಎಲ್ಲ ಸೇರಿಸಿದರೂ ಆಟದೊಳಗೆ ಬಹುಮಾನವೇನೂ ಇಲ್ಲ. ಭಾರತೀಯ ದಂಡ ಸಂಹಿತೆಯ ಕಲಮು ಆ ಕಂಪನಿಯವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಚಾರ್ ಸೌ ಬೀಸ್ ಅಂದರೆ ಏನೆಂದು ಯಾರಾದರೂ ಅವರಿಗೆ ಹೇಳಬೇಕಿತ್ತು.

ಗೋಪುರದ ಈ ಉಪಾಯ ಎಷ್ಟು ಹಬ್ಬಿತೆಂದರೆ, ಅದೇ ಕಂಪನಿಯ ಫಾರ್ ಕ್ರೈ ಸರಣಿಯ ಐದನೇ ಆಟದಲ್ಲಿ, 2018ರಲ್ಲಿ, ಪಾತ್ರವೊಂದು ನಿನ್ನನ್ನು ಜಿಲ್ಲೆಯ ತುಂಬ ಗೋಪುರ ಹತ್ತಿಸುವುದಿಲ್ಲ ಬಿಡು ಎಂಬ ಅರ್ಥದಲ್ಲಿ ಚಟಾಕಿ ಹಾರಿಸುತ್ತದೆ. ತಮ್ಮ ಚಾಳಿಯನ್ನು ತಾವೇ ನಗೆಯಾಡುವ ಹಂತಕ್ಕೆ ಬಂದಿದ್ದರು. ಚಾಳಿ ಮಾತ್ರ ಬಿಡಲಿಲ್ಲ.

ನಾನು ಕಾಗಲ್ ಬಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ಎರಕ ಹೊಯ್ದು ಬಂದ ಭಾಗಗಳನ್ನು ಅಳೆದು, ಪಟ್ಟಿಯಲ್ಲಿ ಗುರುತು ಹಾಕಿ, ಬಿರುಕು ಬಿಟ್ಟವನ್ನು ಬೇರೆ ಇಡುವ ಕೆಲಸ. ದಿನಾ ರಾಜ್ಯ ದಾಟಿ ಹೋಗಬೇಕು. ಗಡಿ ನಮಗೆ ಮಹಾ ಸಂಗತಿಯೇನಲ್ಲ, ನಮ್ಮೂರಿನ ದೇವಚಂದ ಕಾಲೇಜು ಕೂಡ ಇರುವುದು ಮಹಾರಾಷ್ಟ್ರದ ನೆಲದಲ್ಲೇ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಜಗಳ ಯಾವುದರಲ್ಲಿ ಬಂದರೆ ಅದರಲ್ಲಿ. ಆದರೆ 2020–21ರಲ್ಲಿ ಕೊಗನೋಳಿಯ ಹತ್ತಿರ ಹೆದ್ದಾರಿಗೆ ಬ್ಯಾರಿಕೇಡ್ ಬಿತ್ತು, ಕೊರೋನಾ ತಪಾಸಣೆಯ ವರದಿ ಇಲ್ಲದವರು ವಾಪಸ್. ವೈಸ್ ಸಿಟಿಯ ಮುಚ್ಚಿದ ಸೇತುವೆಯನ್ನು ನಾನು ನಿಜದಲ್ಲಿ ಕಂಡದ್ದು ಆಗಲೇ. ಎರಡನೇ ಅಲೆಯಲ್ಲಿ ಫೌಂಡ್ರಿ ಕೆಲವು ವಾರ ನಿಂತಾಗ, ಕೊಲ್ಹಾಪುರದಿಂದ ಮೊದಲೇ ತಂದಿಟ್ಟಿದ್ದ ಹಳೆಯ ಪ್ಲೇಸ್ಟೇಷನ್ನಿನಲ್ಲಿ ಅಸ್ಯಾಸಿನ್ಸ್ ಕ್ರೀಡ್ ವಾಲ್ಹಾಲಾ ಹಾಕಿದೆ. ವೈಕಿಂಗರು ಇಂಗ್ಲೆಂಡಿಗೆ ಬಂದು ನೆಲೆಯೂರುವ ಕಥೆ. ನಾಲ್ಕು ಗೋಡೆಗಳ ನಡುವೆ ಕೂತವನಿಗೆ ಅದು ಮೊದಲ ಹತ್ತು ದಿನ ಅಮೃತ. ನದಿಯಲ್ಲಿ ದೋಣಿ, ಇಬ್ಬದಿಯಲ್ಲಿ ಹಳದಿ ಹುಲ್ಲು, ದಂಡೆಯಲ್ಲಿ ಪಾಳು ಬಿದ್ದ ರೋಮನ್ ಕಮಾನುಗಳು.

ಆ ಆಟದ ನಕ್ಷೆಯಲ್ಲಿ ಮೂರು ಬಣ್ಣದ ಚುಕ್ಕೆಗಳಿವೆ. ಹೊನ್ನಿನ ಬಣ್ಣದ್ದು ಸಂಪತ್ತು, ನೀಲಿ ಬಣ್ಣದ್ದು ರಹಸ್ಯ, ಬಿಳಿಯದು ಹಳೆಯ ವಸ್ತುಗಳು. ಪ್ರತಿ ಸೀಮೆಯ ಹೆಸರಿನ ಕೆಳಗೆ ಇಷ್ಟರಲ್ಲಿ ಇಷ್ಟಾಯಿತು ಎಂಬ ಲೆಕ್ಕ. ರಹಸ್ಯಗಳಿಗೂ ಲೆಕ್ಕ! ಒಂದು ಸೀಮೆಯಲ್ಲಿ ಇಷ್ಟೇ ರಹಸ್ಯಗಳು ಬಾಕಿ ಉಳಿದಿವೆ ಎಂದು ಮೊದಲೇ ಹೇಳಿಬಿಟ್ಟರೆ ಅವು ರಹಸ್ಯಗಳಾಗಿ ಉಳಿಯುವುದು ಹೇಗೋ ನನಗೆ ಇನ್ನೂ ತಿಳಿದಿಲ್ಲ.

ಅವ್ವ ಅದೇ ಕೋಣೆಯಲ್ಲಿ ಕಾಟಿನ ಮೇಲೆ ಕೂತು ನೋಡುತ್ತಿದ್ದಳು. ಒಂದು ರಾತ್ರಿ ಕೇಳಿದಳು.

"ಎಷ್ಟ ಆದೂ ಇವತ್ತ?"

"ನೂರಾ ಹನ್ನೆರಡು."

"ಇನ್ನ ಎಷ್ಟ ಅದಾವ?"

"ಅದಾವ ಇನ್ನೂ ನೂರಾರು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಜೂರಿ ಏನ್ ಕೊಡತಾರ?" ಅಂದಳು. ಚೇಷ್ಟೆಯ ಮಾತಾಗಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ಇಷ್ಟು ಹೊತ್ತು ಕೂತು ಮಗ ಎಣಿಸುತ್ತಿದ್ದಾನೆ ಅಂದರೆ ಅದಕ್ಕೆ ಏನಾದರೂ ಸಿಗುತ್ತಿರಬೇಕು ಎಂಬುದು ಅವಳ ಲೆಕ್ಕ.

ಎಣಿಸುವ ಕೆಲಸ ಅವ್ವನಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಬೀಡಿ ಕಟ್ಟಿದವಳು. ನಿಪ್ಪಾಣಿ ತಂಬಾಕಿನ ಊರು. ಗಲ್ಲಿಗಲ್ಲಿಗೆ ವಖಾರಿಗಳು, ಗಾಳಿ ತಿರುಗಿದರೆ ಜರ್ದಾದ ಘಾಟು ಮೂಗಿಗೆ ಹೊಡೆದು ಹೊಸಬರು ಸೀನುತ್ತಾರೆ, ನಮಗೆ ಅದು ವಾಸನೆಯೇ ಅಲ್ಲ. ಬೀಡಿಯ ಎಲೆಯನ್ನು ಹಿಂದಿನ ದಿನವೇ ನೀರಲ್ಲಿ ನೆನೆಹಾಕಿ ಮೆತ್ತಗೆ ಮಾಡಿಟ್ಟುಕೊಳ್ಳಬೇಕು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಬೇಕು. ಮಡಿಲಲ್ಲಿ ಮೊರ, ಮೊರದ ಒಂದು ಮೂಲೆಯಲ್ಲಿ ಜರ್ದಾ. ಎಲೆಯ ಮೇಲೆ ಚಿಟಿಕೆ ಜರ್ದಾ ಹರಡಿ, ಎರಡೂ ಕೈಯ ಬೆರಳುಗಳಿಂದ ಸುತ್ತಿ, ತುದಿ ಮಡಚಿ, ದಾರ ಸುತ್ತಿದರೆ ಒಂದು ಬೀಡಿ. ಇಪ್ಪತ್ತೈದಕ್ಕೆ ಒಂದು ಕಟ್ಟು. ನಲವತ್ತು ಕಟ್ಟಿಗೆ ಸಾವಿರ. ಮಜೂರಿ ಸಾವಿರಕ್ಕೆ ಇಷ್ಟು ಎಂದು. ಸಾವಿರ ಮುಟ್ಟಬೇಕಾದರೆ ಬೆಳಕು ಹರಿದಾಗ ಕೂತವಳು ದೀಪ ಹಚ್ಚುವ ತನಕ ಏಳುವಂತಿಲ್ಲ. ನಡುವೆ ನನಗೆ ಊಟ ಬಡಿಸಬೇಕು, ನೀರು ಬಂದರೆ ಹಿಡಿಯಬೇಕು. ಸಂಜೆ ಕಟ್ಟುಗಳನ್ನು ಬುಟ್ಟಿಯಲ್ಲಿಟ್ಟು ಕೊಡಲು ಹೋದರೆ ಅಲ್ಲಿ ಕೂತವನು ಕಟ್ಟು ಬಿಚ್ಚಿ, ಬೆರಳಲ್ಲಿ ಒತ್ತಿ ನೋಡಿ, ಇದು ಸಡಿಲು, ಇದರ ಮೂತಿ ಸರಿ ಇಲ್ಲ ಎಂದು ಒಂದಿಷ್ಟನ್ನು ತೆಗೆದು ಬದಿಗಿಡುವನು. ಅವು ಲೆಕ್ಕಕ್ಕಿಲ್ಲ. ಎಲೆ ಕಡಿಮೆ ಬಿದ್ದರೆ ಕೈಯಿಂದ ಹಣ ಹಾಕಿ ಬಜಾರಿನಲ್ಲಿ ಕೊಳ್ಳಬೇಕು. ಬೀಡಿ ಕೆಲಸಗಾರರಿಗಾಗಿ 1966ರಲ್ಲೇ ಒಂದು ಕಾಯ್ದೆ ಬಂದಿತ್ತು. ಅದರ ಮಾತು ನಾನು ಕೇಳಿದ್ದು ಕಾಲೇಜಿಗೆ ಹೋದ ಮೇಲೆ, ಅವ್ವನಿಂದಲ್ಲ.

ಈಗ ಅವಳು ಕಟ್ಟುವುದಿಲ್ಲ. ಆದರೂ ಟಿವಿ ನೋಡುವಾಗ ಹೆಬ್ಬೆರಳು ತೋರುಬೆರಳ ಮೇಲೆ ತಾನೇ ಉಜ್ಜುತ್ತಿರುತ್ತದೆ. ನನಗೆ ರಾತ್ರಿ ಎರಡು ತಾಸು ಕೈಯಲ್ಲಿ ಕಂಟ್ರೋಲರ್ ಹಿಡಿದು ಕೂರುವ ಪುರುಸೊತ್ತು ಸಿಕ್ಕಿದ್ದು ಆ ಸಾವಿರಗಳಿಂದ. ಆ ಎರಡು ತಾಸಿನಲ್ಲಿ ನಾನು ಮಾಡುತ್ತಿರುವುದೂ ಇನ್ಯಾರೋ ಗೊತ್ತು ಮಾಡಿಕೊಟ್ಟ ಎಣಿಕೆಯನ್ನು ಮುಟ್ಟಿಸುವುದು ಎಂಬುದು ಅವಳ ಪ್ರಶ್ನೆಯಿಂದ ಎದ್ದು ಕಂಡಿತು. ಹಗಲೆಲ್ಲ ಪಟ್ಟಿಗೆ ಗುರುತು ಹಾಕಿ ಬಂದು ರಾತ್ರಿ ಇನ್ನೊಂದು ಪಟ್ಟಿಗೆ ಗುರುತು ಹಾಕುವುದು. ದಣಿವು ಬರದೆ ಇನ್ನೇನು ಬರುತ್ತದೆ?

ಆದರೆ ಹೋಲಿಕೆಯನ್ನು ಇಲ್ಲಿಗೇ ಬಿಟ್ಟರೆ ಅದು ಅವ್ವನಿಗೆ ನ್ಯಾಯವಲ್ಲ. ಬೀಡಿ ಕಟ್ಟದಿದ್ದರೆ ಅಂದಿನ ಒಲೆ ಉರಿಯುತ್ತಿರಲಿಲ್ಲ, ಆಟ ಆಡದಿದ್ದರೆ ನನಗೆ ಆಗುವುದೇನೂ ಇಲ್ಲ. ಇದನ್ನೇ ಅವಳಿಗೆ ಹೇಳಿದೆ, ಎಣಿಸಿ ಎಣಿಸಿ ನಿನಗೆ ಎಷ್ಟು ಬೇಸರ ಬಂದಿರಬೇಕು ಎಂದೆ. ಅವಳು ಒಪ್ಪಲಿಲ್ಲ. ಬೀಡಿ ಕಟ್ಟುವಾಗ ಕೈ ತಾನೇ ನಡೆಯುತ್ತಿತ್ತಂತೆ. ವಾಡೆಯ ಅಂಗಳದಲ್ಲಿ ಎಂಟು ಹತ್ತು ಜನ ಹೆಂಗಸರು ಕೂತರೆ ಯಾರ ಮಗಳ ಲಗ್ನ, ಯಾರ ಸೊಸೆ ತವರಿಗೆ ಹೋದಳು, ಒಬ್ಬಳು ಮರಾಠಿಯಲ್ಲಿ ಶುರು ಮಾಡಿದರೆ ಇನ್ನೊಬ್ಬಳು ಕನ್ನಡದಲ್ಲಿ ಮುಗಿಸುವುದು. "ಎಣಸೂದ್ರಾಗ ಏನ ತ್ರಾಸ? ಎಣಿಸಿ ತಗೊಳ್ಳಾವ ಕಟ್ಟ ಬಿಚ್ಚಿ ಒಗೀತಿದ್ನಲಾ, ಅದ ತ್ರಾಸ," ಅಂದಳು.

ಈ ಮಾತು ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ನಾನು ಅಲ್ಲಿಯ ತನಕ ಆಟಗಳ ದಣಿವಿಗೆ ಅವುಗಳ ಗಾತ್ರವೇ ಕಾರಣ ಎಂದುಕೊಂಡವರ ಮಾತನ್ನು ಬಹಳ ಓದಿದ್ದೆ. ಗಾತ್ರ ಒಂದು ನೆಪ. ನಿಂಟೆಂಡೋದ ಬ್ರೆತ್ ಆಫ್ ದಿ ವೈಲ್ಡ್ 2017ರಲ್ಲಿ ಬಂತು, ವಿಶಾಲವಾದ ಆಟ. ಅದರಲ್ಲಿ ಕೊರೊಕ್ ಎಂಬ ಎಲೆಮುಖದ ಪುಟಾಣಿಗಳು ಅಡಗಿ ಕೂತಿರುತ್ತವೆ. ಕಲ್ಲು ಎತ್ತಿದರೆ, ಹೂವಿನ ಹಿಂದೆ ಓಡಿದರೆ, ದೇವರ ಮುಂದೆ ಹಣ್ಣಿಟ್ಟರೆ ಪ್ರತ್ಯಕ್ಷವಾಗಿ ಒಂದು ಬೀಜ ಕೊಡುತ್ತವೆ. ಇಂಥವು 900. ಚೀಲ ಪೂರ್ತಿ ದೊಡ್ಡದಾಗಲು 441 ಸಾಕು. ಹಟ ಹಿಡಿದು 900ನ್ನೂ ತಂದವರಿಗೆ ಸಿಗುವ ಬಹುಮಾನ ಹೊನ್ನಿನ ಬಣ್ಣದ, ಹೇಲಿನ ಆಕಾರದ ಒಂದು ವಸ್ತು. ಅದನ್ನು ತೋರಿಸಿದರೆ ದಪ್ಪ ಮರದಂಥ ಒಬ್ಬ ಕುಣಿಯುತ್ತಾನೆ, ಅಷ್ಟೇ. ಆಟ ಮಾಡಿದವರು ನಗುತ್ತ ಹೇಳುತ್ತಿದ್ದಾರೆ, ಮಹಾರಾಯ, ಎಲ್ಲವನ್ನೂ ಸೇರಿಸು ಎಂದು ನಿನಗೆ ಹೇಳಿದವರು ಯಾರು? ನಾನು ಅದನ್ನು ಗೆಳೆಯನ ಮನೆಯಲ್ಲಿ ಆಡಿದ್ದು, ಸಿಕ್ಕ ಬೀಜಗಳು ಐವತ್ತು ದಾಟಿರಲಿಕ್ಕಿಲ್ಲ. ಸಿಗದ ಎಂಟುನೂರೈವತ್ತು ನನ್ನನ್ನು ಒಂದು ದಿನವೂ ಕಾಡಿಲ್ಲ.

ಇನ್ನು ಎಣಿಕೆಯೇ ಕೆಟ್ಟದ್ದು ಎನ್ನುವಂತೆಯೂ ಇಲ್ಲ. ಅಸ್ಯಾಸಿನ್ಸ್ ಕ್ರೀಡ್ ಸರಣಿಯ ಎರಡನೇ ಆಟ, 2009ರದು, ಹದಿನೈದನೇ ಶತಮಾನದ ಇಟಲಿಯಲ್ಲಿ ನಡೆಯುತ್ತದೆ. ನಾಯಕ ಎಟ್ಸಿಯೋನ ಪುಟ್ಟ ತಮ್ಮ ಪೆಟ್ರೂಚಿಯೋಗೆ ಹಕ್ಕಿಯ ಗರಿ ಕೂಡಿಸುವ ಹುಚ್ಚು. ಅಪ್ಪನನ್ನೂ ಇಬ್ಬರು ತಮ್ಮ ಅಣ್ಣಂದಿರನ್ನೂ ಗಲ್ಲಿಗೇರಿಸುತ್ತಾರೆ. ತಾಯಿ ಮಾತು ಬಿಡುತ್ತಾಳೆ. ಆಮೇಲೆ ಊರೂರಿನ ಮಾಳಿಗೆಗಳ ಮೇಲೆ ಬಿದ್ದಿರುವ ನೂರು ಗರಿಗಳನ್ನು ಕೂಡಿಸಿ ತಂದು ಅವಳ ಕೋಣೆಯ ಪೆಟ್ಟಿಗೆಯಲ್ಲಿ ಇಡಬಹುದು. ಇಡುವಾಗೆಲ್ಲ ಅವಳು ಮಂಚದ ಬದಿಗೆ ಮೊಣಕಾಲೂರಿ ಕೂತೇ ಇರುತ್ತಾಳೆ. ನೂರು ಮುಗಿದಾಗ ಮಗನ ಜೊತೆ ಮಾತಾಡುತ್ತಾಳೆ. ಅಂಗಡಿಯಲ್ಲಿ ಮಾರುವ ಲೆಕ್ಕದಲ್ಲಿ ನೋಡಿದರೆ ಅದೂ 420 ಬಾವುಟಗಳ ತಳಿಯದೇ ಕೆಲಸ, ಮಾಡಿದ ಕಂಪನಿಯೂ ಅದೇ. ಆದರೆ ನಾನು ನೂರನ್ನೂ ತಂದೆ. ಒಂದು ಗರಿಗೂ ಇನ್ನೊಂದಕ್ಕೂ ನಡುವೆ ಆ ಹೆಂಗಸು ಕೂತ ಭಂಗಿ ಕಣ್ಣ ಮುಂದಿತ್ತು. ಎಣಿಸಿ ತೆಗೆದುಕೊಳ್ಳುವವರು ಯಾರು ಎಂಬುದು ಗೊತ್ತಿತ್ತು.

ದಣಿಸುವ ಆಟಗಳಲ್ಲಿ ಎಣಿಸಿ ತೆಗೆದುಕೊಳ್ಳುವವನು ಯಾರು? ಅಲ್ಲಿ ದುಡ್ಡಿನ ಮಾತು ಬರುತ್ತದೆ. ಹೊಸ ದೊಡ್ಡ ಆಟವೊಂದರ ಬೆಲೆ ಇವತ್ತು ನಮ್ಮಲ್ಲಿ ನಾಲ್ಕೈದು ಸಾವಿರ ರೂಪಾಯಿ. ಅಷ್ಟು ಕೊಟ್ಟವನು ಎಷ್ಟು ಗಂಟೆ ಬಂತು ಎಂದು ಕೇಳಿಯೇ ಕೇಳುತ್ತಾನೆ. ನಾವೇ ಕೇಳುತ್ತೇವೆ, ಗೆಳೆಯರ ನಡುವೆ ಆಟದ ಬಗ್ಗೆ ಮೊದಲು ಬರುವ ಪ್ರಶ್ನೆಯೇ ಅದು. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. 2022ರ ಜನವರಿಯಲ್ಲಿ ಟೆಕ್‌ಲ್ಯಾಂಡ್ ಎಂಬ ಪೋಲೆಂಡಿನ ಕಂಪನಿ ತನ್ನ ಡೈಯಿಂಗ್ ಲೈಟ್ 2 ಆಟವನ್ನು ಪೂರ್ತಿ ಮುಗಿಸಲು ಕನಿಷ್ಠ 500 ಗಂಟೆ ಬೇಕು ಎಂದು ಜಂಬದಿಂದ ಸಾರಿತು. ಜನ ಚಪ್ಪಾಳೆ ತಟ್ಟುತ್ತಾರೆ ಎಂದುಕೊಂಡಿದ್ದರೇನೋ, ಬಂದದ್ದು ಬೈಗುಳ. ಕಥೆಗೆ ಇಪ್ಪತ್ತು ಗಂಟೆ ಸಾಕು ಎಂದು ಸಮಜಾಯಿಷಿ ಕೊಡಬೇಕಾಯಿತು. 500 ಗಂಟೆ ಅಂದರೆ ದಿನಕ್ಕೆ ಎರಡು ತಾಸಿನ ಲೆಕ್ಕದಲ್ಲಿ ಎಂಟು ತಿಂಗಳಿಗೂ ಹೆಚ್ಚು. ನಮ್ಮ ಕಡೆ ಆ ಹೊತ್ತಿಗೆ ತಂಬಾಕು ಸಸಿ ಹಚ್ಚಿ, ಬೆಳೆಸಿ, ಕೊಯ್ದು, ಒಣಗಿಸಿ ಮಾರಿ ಬರಬಹುದು.

ಇದಕ್ಕಿಂತ ಸೋಜಿಗದ್ದು 2018ರ ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿಯಲ್ಲಿತ್ತು. ಪ್ರಾಚೀನ ಗ್ರೀಸನ್ನು ಕಟ್ಟಿ ನಿಲ್ಲಿಸಿದ ಆಟ, ಅಷ್ಟು ಚಂದದ ನೀಲಿ ಸಮುದ್ರವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅದರ ಅಂಗಡಿಯಲ್ಲಿ ನಿಜವಾದ ದುಡ್ಡಿಗೆ ಟೈಮ್ ಸೇವರ್ ಎಂಬ ಸರಕು ಮಾರುತ್ತಿದ್ದರು. ಅದನ್ನು ಕೊಂಡರೆ ಬೇಗ ಬಲ ಬರುತ್ತದೆ, ಎಲ್ಲಿ ಏನಿದೆ ಎಂದು ನಕ್ಷೆಯಲ್ಲಿ ಕಾಣುತ್ತದೆ. ಅಂದರೆ ಮೊದಲು ದುಡ್ಡು ಕೊಟ್ಟು ಆಟ ಕೊಳ್ಳಬೇಕು, ಆಮೇಲೆ ಅದನ್ನು ಕಡಿಮೆ ಆಡಲು ಇನ್ನಷ್ಟು ದುಡ್ಡು ಕೊಡಬೇಕು. ಎಲೆ ಕಡಿಮೆ ಬಿದ್ದರೆ ಕೈಯಿಂದ ಹಾಕಿ ಕೊಳ್ಳುವ ಪದ್ಧತಿಯನ್ನು ಕಂಡವಳಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ.

ಪುಣೆಯಲ್ಲಿ ಯೂಬಿಸಾಫ್ಟ್ ಕಂಪನಿಯದೇ ಒಂದು ಸ್ಟುಡಿಯೋ 2008ರಿಂದ ಇದೆ. ನಮ್ಮೂರ ಹೆದ್ದಾರಿಯಲ್ಲಿ ಸೀದಾ ಉತ್ತರಕ್ಕೆ ಹೋದರಾಯಿತು. ನಮ್ಮ ಕಡೆಯ ಹುಡುಗರು ಕೂಡ ಇಂಥ ಕೆಲಸಕ್ಕೆ ಹೋಗುವ ದಿನಗಳಿವು. ದೊಡ್ಡ ಆಟದ ಒಂದು ಬಂಡೆ, ಒಂದು ಪೆಟ್ಟಿಗೆ, ಒಂದು ಪೊದೆ ಮಾಡಲೂ ಯಾರೋ ಒಬ್ಬರು ರಾತ್ರಿಗಟ್ಟಲೆ ಕೂರುತ್ತಾರೆ. ಆಡುವವನು ದಣಿದ ಕಥೆ ಹೇಳುವಾಗ ಮಾಡಿದವರ ದಣಿವು ಎಲ್ಲೋ ಹಿಂದೆ ಉಳಿದುಬಿಡುತ್ತದೆ. ಸಾವಿರ ಜನರ ದಣಿವನ್ನು ಸೇರಿಸಿ ಲಕ್ಷಾಂತರ ಜನರಿಗೆ ಹಂಚುವ ಈ ವ್ಯಾಪಾರ ನನಗೆ ಅಷ್ಟಾಗಿ ಅರ್ಥವಾಗುವುದಿಲ್ಲ.

ಕನ್ನಡದವರು ನೋಡಲೇಬೇಕಾದ ಒಂದು ಆಟವಿದೆ, 2017ರ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ. ನಾಯಕಿ ಕ್ಲೋಯಿ, ಅರ್ಧ ಭಾರತದವಳು. ಹುಡುಕುವುದು ಗಣೇಶನ ದಂತವನ್ನು. ಹುಡುಕುವ ಜಾಗ ಹೊಯ್ಸಳರ ಪಾಳು ನಗರಗಳು, ಹಳೇಬೀಡು ಮತ್ತು ಬೇಲೂರು. ಅಮೆರಿಕದವರು ಮಾಡಿದ ಆಟದಲ್ಲಿ ಆ ಹೆಸರುಗಳನ್ನು ಕೇಳಿ ನಾನು ಸೋಫಾದಿಂದ ಎದ್ದು ನಿಂತೆ. ಭೂಗೋಳವೇನೋ ಅಧ್ವಾನ, ಹಾಸನದ ಬಯಲನ್ನು ಎತ್ತಿ ಜಲಪಾತಗಳ ನಡುವೆ ಇಟ್ಟಿದ್ದಾರೆ. ಇರಲಿ. ಅದರ ನಾಲ್ಕನೇ ಅಧ್ಯಾಯ ಒಂದೇ ಬಯಲಾಗಿ ತೆರೆದುಕೊಳ್ಳುತ್ತದೆ, ಹೆಸರು ಪಶ್ಚಿಮ ಘಟ್ಟ. ಕೆಂಪು ಕೆಸರಿನಲ್ಲಿ ಜೀಪು ಓಡಿಸುತ್ತ ಬೇಕಾದಲ್ಲಿ ಇಳಿಯಬಹುದು. ಕೂಡಿಸಬೇಕೆನಿಸಿದರೆ ಹೊಯ್ಸಳ ನಾಣ್ಯದಂಥ ಬಿಲ್ಲೆಗಳಿವೆ, ಹನ್ನೊಂದೇ ಹನ್ನೊಂದು. ಒಂದು ಸಂಜೆಯಲ್ಲಿ ಮುಗಿಯಿತು, ಮುಗಿದದ್ದಕ್ಕೆ ಬೇಸರವಾಯಿತು. ಇಡೀ ಆಟ ನನಗೆ ಒಂದು ವಾರಕ್ಕೆ ಮುಗಿಯಿತು. ಆಮೇಲೆ ಅವ್ವನನ್ನು ನಿಜವಾದ ಹಳೇಬೀಡಿಗೆ ಕರೆದುಕೊಂಡು ಹೋದೆ. ಗೋಡೆಯ ಕೆಳಸಾಲಿನ ಆನೆಗಳನ್ನು ನೋಡುತ್ತ ಅವಳು ಅರ್ಧ ಪ್ರದಕ್ಷಿಣೆಗೆ ಒಂದು ತಾಸು ಹಿಡಿದಳು. ಎಷ್ಟಿವೆ ಎಂದು ಕೇಳಲಿಲ್ಲ.

ನಕ್ಷೆಯಲ್ಲಿ ಗುರುತಿಲ್ಲದ ಜಾಗಗಳು ಹೇಗೆ ಜಾಗಗಳಾಗುತ್ತವೆ ಎಂಬುದನ್ನು ನಾನು ಕಲಿತದ್ದೂ ಅವಳ ಹತ್ತಿರ. 1981ರಲ್ಲಿ ತಂಬಾಕಿಗೆ ಸರಿಯಾದ ಬೆಲೆ ಕೇಳಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ಇದೇ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕುಳಿತಿದ್ದರು. ಏಪ್ರಿಲ್ 6ರಂದು ಗೋಲಿಬಾರಾಗಿ ಹತ್ತಕ್ಕೂ ಹೆಚ್ಚು ರೈತರು ಸತ್ತರು. ಅವ್ವ ಆಗ ಹುಡುಗಿ. ಬಸ್ಸು ಆ ಜಾಗ ದಾಟುವಾಗ, ಎತ್ತಿನ ಗಾಡಿಗಳು ಎಲ್ಲಿಯ ತನಕ ನಿಂತಿದ್ದವು, ಬುತ್ತಿ ಎಲ್ಲಿಂದ ಬರುತ್ತಿತ್ತು ಎಂದು ಕಿಟಕಿಯಿಂದ ಕೈ ತೋರಿಸಿ ಹೇಳುತ್ತಾಳೆ. ಪ್ರತಿ ಸಲವೂ ಹೇಳುತ್ತಾಳೆ. ಪ್ರತಿ ಸಲವೂ ಒಂದು ಹೊಸ ಸಂಗತಿ ಇರುತ್ತದೆ. ಆಟದ ಲೋಕದಲ್ಲಿ ನೀವು ಕಾದಾಡಿ ಬಿಡಿಸಿದ ಎಷ್ಟೋ ಕೋಟೆಗಳಲ್ಲಿ ನಾಲ್ಕು ದಿನ ಬಿಟ್ಟು ಹೋದರೆ ಅದೇ ಕಾವಲುಗಾರರು ಅದೇ ಆಕಳಿಕೆ ಆಕಳಿಸುತ್ತ ನಿಂತಿರುತ್ತಾರೆ.

ಈ ನಡುವೆ ಕೆಲವು ಆಟಗಳು ಬೇರೆ ದಾರಿ ಹಿಡಿದಿವೆ. ಜಪಾನಿನ ಎಲ್ಡೆನ್ ರಿಂಗ್, 2022ರದು, ನಕ್ಷೆಯ ಮೇಲೆ ಹೆಚ್ಚೇನೂ ಬರೆಯದೆ ಬಿಡುತ್ತದೆ, ದೂರದಲ್ಲಿ ಏನೋ ಹೊಳೆಯಿತೆಂದು ಹೋದರೆ ಸಾಯುತ್ತೀರಿ, ಅದೂ ಒಂದು ಮಜಾ. ಯೂಬಿಸಾಫ್ಟ್ ಕೂಡ 2023ರಲ್ಲಿ ಬಾಗ್ದಾದ್ ನಗರವನ್ನಿಟ್ಟುಕೊಂಡು ಮಿರಾಜ್ ಎಂಬ ಚಿಕ್ಕ ಆಟ ಮಾಡಿತು, ಚಿಕ್ಕದು ಎಂಬುದನ್ನೇ ಹೇಳಿಕೊಂಡು ಮಾರಿತು. ಅದೇ ವರ್ಷ ಸ್ಟಾರ್‌ಫೀಲ್ಡ್ ಎಂಬ ಇನ್ನೊಂದು ಆಟ ಸಾವಿರಕ್ಕೂ ಹೆಚ್ಚು ಗ್ರಹಗಳ ಜೊತೆ ಬಂತು. ಸಾವಿರ ಎಂಬ ಸಂಖ್ಯೆ ಕೇಳಿದ ಕೂಡಲೇ ನಮ್ಮ ಮನೆಯಲ್ಲಿ ಉತ್ಸಾಹ ಇಳಿದುಹೋಗುತ್ತದೆ. ನಾನು ಅದನ್ನು ಕೊಳ್ಳಲಿಲ್ಲ.

ಹೋದ ಮಳೆಗಾಲದಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಹಾಕಿಕೊಂಡಿದ್ದೆ. ಅಮೆರಿಕದ ಹಳೆಯ ದರೋಡೆಕೋರರ ಕಥೆ. ಪರದೆಯ ಮೂಲೆಯಲ್ಲಿನ ಪುಟ್ಟ ನಕ್ಷೆಯನ್ನು ತೆಗೆದುಹಾಕಿ ಆಡುವುದು ನನ್ನ ಈಚಿನ ರೂಢಿ. ಕುದುರೆ ಒಂದು ಹೊಳೆಯ ದಂಡೆಗೆ ಬಂದು ನಿಂತಿತ್ತು. ಅವ್ವ ಕಾಟಿನಿಂದ ಮುಂದಕ್ಕೆ ಬಾಗಿ ನೋಡಿದಳು.

"ಈ ಹೊಳಿ ಎಲ್ಲಿಗಿ ಹೋಗತೈತಿ?"

ನನಗೆ ಗೊತ್ತಿರಲಿಲ್ಲ. ನಮ್ಮ ವೇದಗಂಗೆ ದೂಧಗಂಗೆಯನ್ನು ಸೇರಿ ಕೃಷ್ಣೆಗೆ ಹೋಗುತ್ತದೆ ಎಂಬುದು ಮಾತ್ರ ಗೊತ್ತು. ನೋಡೋಣ ಎಂದು ಕಥೆಯನ್ನು ಅಲ್ಲೇ ಬಿಟ್ಟು ದಂಡೆಯ ಗುಂಟ ಕುದುರೆ ಬಿಟ್ಟೆ. ಒಂದು ಕಡೆ ರೈಲಿನ ಸೇತುವೆ ಬಂತು. ಇನ್ನೊಂದು ಕಡೆ ಜಿಂಕೆಗಳು ನೀರು ಕುಡಿಯುತ್ತಿದ್ದವು. ಅವ್ವ ನಿಲ್ಲಿಸು ಎಂದಳು, ನಿಲ್ಲಿಸಿದೆ, ಅವು ಓಡಿದ ಮೇಲೆ ಮುಂದೆ ಹೋದೆವು. ಹೊಳೆ ಅಗಲವಾಗುತ್ತ ಆಗುತ್ತ ದೊಡ್ಡ ಕೆರೆಯೊಂದಕ್ಕೆ ಬಂದು ಸೇರುವ ಹೊತ್ತಿಗೆ ಆಟದಲ್ಲೂ ಕತ್ತಲಾಗಿತ್ತು, ಹೊರಗೆ ಮಳೆ ಹಿಡಿದಿತ್ತು. ನಾಳೆ ಫಸ್ಟ್ ಶಿಫ್ಟ್ ಇದೆ, ಆರಿಸುತ್ತೇನೆ ಎಂದೆ.

"ತಡಿ ತಮ್ಮಾ," ಅಂದಳು. "ಅಷ್ಟ ದೂರ ನಡದ ಬಂದೈತಿ, ಕುದರಿಗಿ ಮದಲ ಏನರೆ ತಿನ್ನಾಕ ಹಾಕ."